ಗಾರೆ ಬಳಿಯುವ ಮೊದಲೇ ಎಳೆದ ತಂತಿ: ಮನೆತುಂಬ ಹಾಡು, ಚಿತ್ರದ ವ್ಯವಸ್ಥೆ ಮಾಡಿದ ನನ್ನ ಅನುಭವ

ಮೈಸೂರಿನ ಬೋಗಾದಿ ಕಡೆ 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿಸುವಾಗ ಅಡುಗೆಮನೆಗೆ ಯಾವ ಕಲ್ಲು, ಬಾಗಿಲಿಗೆ ಯಾವ ಮರ ಎಂಬ ಚರ್ಚೆಯನ್ನೆಲ್ಲ ಮನೆಯವರಿಗೆ ಬಿಟ್ಟು ನಾನು ಒಂದೇ ವಿಷಯಕ್ಕೆ ಪಟ್ಟು ಹಿಡಿದೆ. ಯಾವ ಕೋಣೆಯಲ್ಲಿದ್ದರೂ ಹಾಡು ಕೇಳಬೇಕು, ಕೆಳಗೂ ಮೇಲೂ ಟಿ.ವಿ. ನೋಡುವಂತಿರಬೇಕು, ಅದನ್ನೆಲ್ಲ ನಡೆಸುವ ಪೆಟ್ಟಿಗೆಗಳು ಒಂದೇ ಕಡೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಾನು ಊರಲ್ಲಿ ಇಲ್ಲದಿದ್ದಾಗಲೂ ನನ್ನ ಅತ್ತೆಯವರು ಯಾರನ್ನೂ ಕೇಳದೆ ಅದನ್ನು ಹಾಕಿ ಆರಿಸುವಂತಿರಬೇಕು. ಈ ಕೊನೆಯ ಷರತ್ತೇ ಮುಂದಿನ ಬಹುಪಾಲು ತೀರ್ಮಾನಗಳನ್ನು ಮಾಡಿಸಿತು.

ಅತ್ತೆಯವರಿಗೆ ಬೆಳಗ್ಗೆ ಆಕಾಶವಾಣಿ ಕೇಳದೆ ಒಲೆ ಹತ್ತುವುದಿಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಊರು ಇದು. ಒಂದು ಮನೆಯಿಂದ ಊರಿಗೆಲ್ಲ ದನಿ ಮುಟ್ಟಿಸಿದ ಕಡೆ, ಒಂದು ಮನೆಯೊಳಗೆ ಕೋಣೆಯಿಂದ ಕೋಣೆಗೆ ಮುಟ್ಟಿಸುವುದು ಆಗದ ಕೆಲಸವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಫ್‌ಎಂ ಟ್ಯೂನರೇ, ಅಂದರೆ ರೇಡಿಯೊ ನಿಲಯ ಹಿಡಿಯುವ ಪೆಟ್ಟಿಗೆಯೇ, ಪಟ್ಟಿಯ ಮೊದಲ ಸಾಮಾನು, ಟಿ.ವಿ. ಆಮೇಲೆ.

ತಾರಸಿ ಹಾಕುವ ಮುನ್ನವೇ ಕೆಲಸ ಶುರುವಾಗಬೇಕು. ಕಬ್ಬಿಣ ಕಟ್ಟಿದ ಮೇಲೆ, ಕಾಂಕ್ರೀಟು ಸುರಿಯುವ ಮೊದಲು, ಸ್ಪೀಕರ್ ಬರುವ ಜಾಗಕ್ಕೆಲ್ಲ ಪೈಪು ಮತ್ತು ಬಾಕ್ಸು ಇಟ್ಟುಬಿಡಬೇಕು. ಎಲೆಕ್ಟ್ರಿಷಿಯನ್ ಮುಕ್ಕಾಲು ಅಂಗುಲದ ಪೈಪು ಸಾಕು ಎಂದರು. ನಾನು ಒಂದು ಅಂಗುಲಕ್ಕೆ, ಅಂದರೆ 25 ಮಿ.ಮೀ. ಪೈಪಿಗೇ ಅಂಟಿಕೊಂಡೆ. ಹಾಲ್‌ನ ಟಿ.ವಿ. ಗೋಡೆಗೆ ಅದಕ್ಕಿಂತಲೂ ದಪ್ಪದ್ದನ್ನು ಹಾಕಿಸಿದೆ, ಏಕೆಂದರೆ ಟಿ.ವಿ.ಗೆ ಚಿತ್ರ, ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ ತಂತಿಯ ತಲೆ ಸಣ್ಣ ಪೈಪಿನ ಬೆಂಡಿನಲ್ಲಿ ನುಗ್ಗುವುದಿಲ್ಲ. “ಮೇಡಂ, ಕರೆಂಟಿನ ಪೈಪಿನಲ್ಲೇ ಇದನ್ನೂ ಎಳೆದುಬಿಡೋಣ, ಕೆಲಸ ಬೇಗ ಮುಗಿಯುತ್ತದೆ” ಎಂದರು ಅವರು. ಅದಕ್ಕೆ ಖಂಡಿತ ಒಪ್ಪಬಾರದು. 230 ವೋಲ್ಟ್ ಹರಿಯುವ ತಂತಿಯನ್ನೂ ಸ್ಪೀಕರ್ ಅಥವಾ ನೆಟ್‌ವರ್ಕ್ ತಂತಿಯನ್ನೂ ಒಂದೇ ಪೈಪಿನಲ್ಲಿ ಹಾಕುವುದು ಮೊದಲನೆಯದಾಗಿ ಅಪಾಯ. ಎರಡನೆಯದಾಗಿ, ಪಕ್ಕಪಕ್ಕದಲ್ಲೇ ಬಹಳ ದೂರ ಸಾಗಿದರೆ ಗುಂಯ್‌ಗುಡುವ ಸದ್ದು ಸೇರಿಕೊಳ್ಳಬಹುದು. ನಮ್ಮಲ್ಲಿ ಎರಡರ ನಡುವೆ ಒಂದು ಅಡಿ ಅಂತರ ಬಿಟ್ಟೆವು. ದಾಟಲೇಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿಸಿದೆವು.

ತಂತಿಯ ದಪ್ಪವನ್ನು ಅಂಗಡಿಯವರ ಮಾತಿಗೆ ಬಿಡದೆ ಲೆಕ್ಕ ಹಾಕಿಯೇ ಕೊಂಡೆ. ಪೆಟ್ಟಿಗೆಗಳನ್ನೆಲ್ಲ ಇಡುವ ಮೆಟ್ಟಿಲ ಕೆಳಗಿನ ಕಪಾಟಿನಿಂದ ಮೇಲಿನ ಮಲಗುವ ಕೋಣೆಗೆ ಸುಮಾರು 20 ಮೀಟರ್. ಹೋಗಿ ಬರುವ ದಾರಿ ಸೇರಿ 40 ಮೀಟರ್ ತಾಮ್ರ. 1.5 ಚದರ ಮಿ.ಮೀ. ತಂತಿಯಾದರೆ ಅಷ್ಟು ದೂರಕ್ಕೆ ಸುಮಾರು 0.46 ಓಮ್ ತಡೆ, 2.5ರದ್ದಾದರೆ ಸುಮಾರು 0.28 ಓಮ್. ತಂತಿಯ ತಡೆ ಸ್ಪೀಕರಿನದರ ನೂರಕ್ಕೆ 5 ಭಾಗ ಮೀರಬಾರದು ಎಂಬುದು ರೂಢಿ. 8 ಓಮ್ ಸ್ಪೀಕರಿಗೆ ಅದು 0.4 ಓಮ್. ಹಾಗಾಗಿ ಮೇಲಿನ ಕೋಣೆಗಳಿಗೆ 2.5, ಹಾಲ್‌ಗೆ ದೂರ ಕಡಿಮೆ ಇದ್ದುದರಿಂದ 1.5. ತಂತಿ ಅಪ್ಪಟ ತಾಮ್ರದ್ದಾಗಿರಬೇಕು. ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ ತಂತಿ ನೋಡಲು ಹಾಗೆಯೇ ಇರುತ್ತದೆ. ತುದಿಯನ್ನು ಚಾಕುವಿನಿಂದ ಕೆರೆದರೆ ಒಳಗಿನ ಬಿಳುಪು ಕಾಣುತ್ತದೆ, ಕೈಯಲ್ಲಿ ಹಿಡಿದರೆ ಹಗುರ. ನಾನು ಅಂಗಡಿಯಲ್ಲೇ ಕೆರೆದು ನೋಡಿ ತಂದೆ.

ಒಂದು ಆಂಪ್ಲಿಫೈಯರಿಗೆ ಮನೆಯ ಸ್ಪೀಕರುಗಳನ್ನೆಲ್ಲ ಸೇರಿಸಿ ಕಟ್ಟುವುದನ್ನು ಬಹಳ ಕಡೆ ನೋಡಿದ್ದೇನೆ. 8 ಓಮ್‌ನ ಎರಡು ಸ್ಪೀಕರ್ ಸಮಾಂತರವಾಗಿ ಸೇರಿದರೆ 4 ಓಮ್, ನಾಲ್ಕು ಸೇರಿದರೆ 2 ಓಮ್. ತಡೆ ಇಳಿದಷ್ಟೂ ಕರೆಂಟು ಹೆಚ್ಚು ಹರಿಯುತ್ತದೆ, ಸಾಮಾನ್ಯ ಮನೆಬಳಕೆಯ ಆಂಪ್ಲಿಫೈಯರ್ ಅಷ್ಟನ್ನು ತಾಳದೆ ಕಾದು ಆರಿಹೋಗುತ್ತದೆ. ಅದಕ್ಕೆ ನಾನು ಮನೆಯನ್ನು ಎರಡು ಪಂಗಡ ಮಾಡಿದೆ. ಕುಳಿತು, ಮನಸ್ಸಿಟ್ಟು ಕೇಳುವ ಹಾಲ್ ಮತ್ತು ಮೇಲಿನ ಕೋಣೆಗಳಿಗೆ ಒಂದೊಂದಕ್ಕೂ ಅದರದೇ ಆಂಪ್ಲಿಫೈಯರ್. ಕೆಲಸ ಮಾಡುತ್ತ ಕೇಳುವ ಅಡುಗೆಮನೆ, ಊಟದ ಜಾಗ, ವರಾಂಡ, ಪಡಸಾಲೆಗಳಿಗೆ ದೇವಸ್ಥಾನ, ಶಾಲೆ, ರೈಲು ನಿಲ್ದಾಣಗಳಲ್ಲಿ ಇರುವಂಥ 100 ವೋಲ್ಟ್ ಲೈನು. ಇದರಲ್ಲಿ ಪ್ರತಿ ಸ್ಪೀಕರಿಗೂ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಓಮ್ ಲೆಕ್ಕದ ತಲೆನೋವಿಲ್ಲ, ವಾಟ್ ಕೂಡಿಸಿದರೆ ಆಯಿತು. 5 ವಾಟಿನ ಆರು ಸ್ಪೀಕರ್ ಎಂದರೆ 30 ವಾಟ್. 60 ವಾಟಿನ ಆಂಪ್ಲಿಫೈಯರ್ ಅದನ್ನು ಆರಾಮವಾಗಿ ನಡೆಸುತ್ತದೆ. ತಗ್ಗು ಸ್ವರಗಳು ಹಾಲ್‌ನಷ್ಟು ತುಂಬಿ ಬರುವುದಿಲ್ಲ, ನಿಜ. ಆದರೆ ಒಗ್ಗರಣೆ ಸಿಡಿಯುವ ಜಾಗಕ್ಕೆ ಅಷ್ಟು ಸಾಲುತ್ತದೆ. ಗೋಡೆಯಲ್ಲಿ ಫ್ಯಾನ್ ರೆಗ್ಯುಲೇಟರಿನ ಪಕ್ಕ ಸದ್ದು ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿ ಕೂರಿಸಬಹುದು ಎಂಬುದು ಇದರ ದೊಡ್ಡ ಲಾಭ. 100 ವೋಲ್ಟ್ ಕೂಡ ಕೈಗೆ ಹೊಡೆಯುವ ವೋಲ್ಟೇಜು. ಅದರ ಜೋಡಣೆಯನ್ನು ಕರೆಂಟಿನ ಜೋಡಣೆಯಷ್ಟೇ ಎಚ್ಚರದಿಂದ ಮುಚ್ಚಬೇಕು.

ಅತ್ತೆಯವರ ಷರತ್ತಿಗೆ ಇಲ್ಲಿಯೇ ಉತ್ತರ ಸಿಕ್ಕಿತು. ಕಪಾಟಿನಲ್ಲಿರುವ ಟ್ಯೂನರ್ ಮತ್ತು 100 ವೋಲ್ಟ್ ಆಂಪ್ಲಿಫೈಯರಿನ ಪ್ಲಗ್ ಪಾಯಿಂಟಿಗೆ ಅಡುಗೆಮನೆಯ ಬೋರ್ಡಿನಿಂದ ಒಂದು ಸ್ವಿಚ್ ಎಳೆಸಿದೆ. ಸ್ವಿಚ್ ಒತ್ತಿದರೆ ಆಕಾಶವಾಣಿ, ಗುಂಡಿ ತಿರುಗಿಸಿದರೆ ಸದ್ದು. ಆದರೆ ಕರೆಂಟು ಹೋಗಿ ಬಂದರೆ ತಾನಾಗಿ ಮತ್ತೆ ಹಾಡಲು ಶುರು ಮಾಡುವ ಟ್ಯೂನರ್ ಹುಡುಕುವುದು ಸುಲಭವಲ್ಲ. ಹಲವು ಟ್ಯೂನರುಗಳು ರಿಮೋಟ್ ಒತ್ತುವವರೆಗೆ ಸುಮ್ಮನೆ ಕಾಯುತ್ತವೆ. ಅಂಗಡಿಯಲ್ಲಿ ಪ್ಲಗ್ ಕಿತ್ತು ಮತ್ತೆ ಹಾಕಿ, ಅದೇ ನಿಲಯಕ್ಕೆ ಮರಳುತ್ತದೆಯೇ ಎಂದು ನೋಡಿಯೇ ಕೊಳ್ಳಬೇಕು. “ಇಷ್ಟೇನಾ ಅಮ್ಮ? ನಾನು ಏನೇನೋ ಕಲಿಯಬೇಕು ಅಂದುಕೊಂಡಿದ್ದೆ” ಎಂದರು ಅತ್ತೆ. ಇಡೀ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದು.

ನಮ್ಮ ಸಂಗ್ರಹದ ಹಾಡುಗಳು ಒಂದು ಸಣ್ಣ ಸರ್ವರಿನಲ್ಲಿ, ಅಂದರೆ ಎಲ್ಲ ಕೋಣೆಗಳಿಗೂ ಹಾಡು, ಚಿತ್ರ ಒದಗಿಸುವ ಕಂಪ್ಯೂಟರಿನಲ್ಲಿ, ಇವೆ. ಕೋಣೆಗೊಂದರಂತೆ ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ, ಅದರಲ್ಲಿ ಸ್ನ್ಯಾಪ್‌ಕಾಸ್ಟ್ ಎಂಬ ಉಚಿತ ತಂತ್ರಾಂಶ. ಎಲ್ಲ ಕೋಣೆಗಳಲ್ಲೂ ಹಾಡು ಒಂದೇ ಕ್ಷಣಕ್ಕೆ ಹೊರಡುವಂತೆ ಅದು ನೋಡಿಕೊಳ್ಳುತ್ತದೆ. ಬ್ಲೂಟೂತ್ ಈ ಕೆಲಸಕ್ಕೆ ಬಾರದು, ಅದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಹೆಚ್ಚು ಹಿಂದೆ ಬೀಳಬಲ್ಲದು. ಆದರೂ ಹಾಲ್‌ನ ಆಂಪ್ಲಿಫೈಯರ್, ಅಂದರೆ ರಿಸೀವರ್, ತನ್ನೊಳಗಿನ ಸಂಸ್ಕರಣೆಗೆ ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಹಾಲ್ ಮತ್ತು ಊಟದ ಜಾಗದ ನಡುವಿನ ಬಾಗಿಲಲ್ಲಿ ನಿಂತು, ಒಂದೇ ಸಮನೆ ಟಕ್ ಟಕ್ ಎನ್ನುವ ಧ್ವನಿಯನ್ನು ಹಾಕಿದೆ. ಮೊದಲು ಟಕ-ಟಕ ಎಂದು ಜೋಡಿಯಾಗಿ ಕೇಳುತ್ತಿತ್ತು. ಮೊಬೈಲಿನಲ್ಲಿ ಹತ್ತು ಹತ್ತು ಮಿಲಿಸೆಕೆಂಡ್ ಹೊಂದಿಸುತ್ತ ಬಂದಂತೆ ಎರಡೂ ಹತ್ತಿರವಾಗಿ, ಒಂದು ಹಂತದಲ್ಲಿ ಸದ್ದು ಬಲಗಿವಿಯದೋ ಎಡಗಿವಿಯದೋ ತಿಳಿಯದೆ ಬಾಗಿಲ ನಡುವೆಯೇ ನಿಂತುಬಿಟ್ಟಿತು. ಅಲ್ಲಿಗೆ ಬಿಟ್ಟೆ. ಕಿವಿಗಿಂತ ಒಳ್ಳೆಯ ಅಳತೆಗೋಲು ನನಗೆ ಬೇಕಾಗಲಿಲ್ಲ.

ಚಿತ್ರದ ವಿಚಾರ ಸರಳ. ಕಪಾಟಿನಿಂದ ಮೇಲಿನ ಟಿ.ವಿ.ಗೆ ಉದ್ದದ ಎಚ್‌ಡಿಎಂಐ ಎಳೆಯಲಿಲ್ಲ. 4ಕೆ ಎಂಬ ಅತಿ ಸ್ಪಷ್ಟ ಚಿತ್ರಕ್ಕೆ ತಾಮ್ರದ ಎಚ್‌ಡಿಎಂಐ ಕೆಲವೇ ಮೀಟರ್ ದೂರದವರೆಗೆ ನಂಬಿಕೆಗೆ ಯೋಗ್ಯ. ಬದಲಿಗೆ ಎಲ್ಲ ಕಡೆ ಎರಡೆರಡು ಕ್ಯಾಟ್ 6 ಎಂಬ ನೆಟ್‌ವರ್ಕ್ ತಂತಿ. ಅದು 100 ಮೀಟರ್‌ವರೆಗೆ ನೆಟ್‌ವರ್ಕನ್ನು ಸಲೀಸಾಗಿ ಒಯ್ಯುತ್ತದೆ. ಸರ್ವರಿನಲ್ಲಿರುವ, ಚಿತ್ರಗಳನ್ನು ಟಿ.ವಿ.ಗೆ ಕಳಿಸುವ ತಂತ್ರಾಂಶವಾದ ಜೆಲ್ಲಿಫಿನ್‌ನಿಂದ ಚಿತ್ರಗಳು, ಮಗಳ ಶಾಲಾ ವಾರ್ಷಿಕೋತ್ಸವದ ವಿಡಿಯೊಗಳು ಎರಡೂ ಟಿ.ವಿ.ಗೆ ಬರುತ್ತವೆ. ವೈಫೈ ಇದ್ದೇ ಇದೆ, ಆದರೆ ತಾರಸಿಯ ಕಾಂಕ್ರೀಟು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಂಕೇತ ಸೊರಗುತ್ತದೆ. ಮೇಲಿನ ಮಹಡಿಗೂ ತಂತಿಯ ಮೂಲಕವೇ ಸಂಪರ್ಕ ಕೊಟ್ಟು ಅಲ್ಲಿ ವೈಫೈ ಹರಡುವ ಬೇರೆ ಪೆಟ್ಟಿಗೆ, ಅಂದರೆ ಆಕ್ಸೆಸ್ ಪಾಯಿಂಟ್, ಇಟ್ಟೆ.

ಹಾಲ್‌ನ ಸದ್ದನ್ನು ಹದಕ್ಕೆ ತಂದದ್ದು ಯಂತ್ರಕ್ಕಿಂತ ಹೆಚ್ಚಾಗಿ ಬಟ್ಟೆ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ನಾಲ್ಕೂ ಕಡೆ ಬೋಳು ಗೋಡೆ ಇದ್ದಾಗ ಚಪ್ಪಾಳೆ ತಟ್ಟಿದರೆ ಝಣ್ ಎಂದು ಮರುದನಿ ಬರುತ್ತಿತ್ತು, ಚಿತ್ರದ ಸಂಭಾಷಣೆ ಕಲಸಿಹೋಗುತ್ತಿತ್ತು. ದಪ್ಪ ಪರದೆ, ಮುಂದೆ ದೊಡ್ಡ ಜಮಖಾನ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಬಂದ ಮೇಲೆ ಮಾತು ಮಾತಾಗಿ ಕೇಳತೊಡಗಿತು. ದುಬಾರಿ ಸ್ಪೀಕರಿಗೆ ಹಣ ಸುರಿಯುವ ಮೊದಲು ಇದನ್ನು ಮಾಡಿ ನೋಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಡಿಶ್ ತಂತಿ ಜೋಡಿಸಿದ ದಿನ ಹಾಲ್‌ನಲ್ಲಿ ಗುಂಯ್ ಎಂಬ ಸದ್ದು ಶುರುವಾಯಿತು. ಟಿ.ವಿ. ಒಂದು ಬೋರ್ಡಿನಿಂದ, ರಿಸೀವರ್ ಇನ್ನೊಂದರಿಂದ ಕರೆಂಟು ಪಡೆಯುತ್ತಿದ್ದವು, ಡಿಶ್ ತಂತಿಯ ಮೂಲಕ ಅರ್ಥಿಂಗ್‌ಗೆ ಒಂದು ಸುತ್ತುದಾರಿ ಸಿಕ್ಕಿತ್ತು. ಎರಡನ್ನೂ ಒಂದೇ ಬೋರ್ಡಿಗೆ ತಂದ ಕೂಡಲೇ ಸದ್ದು ನಿಂತಿತು. ಅರ್ಥಿಂಗ್ ಪಿನ್ ಕಿತ್ತುಹಾಕಿದರೂ ಗುಂಯ್ ನಿಲ್ಲಬಹುದು, ಆದರೆ ಅದು ಜೀವಕ್ಕೆ ಸಂಚಕಾರ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಂತೂ ಡಿಶ್ ಮತ್ತು ಆಂಟೆನಾ ತಂತಿಗಳನ್ನು ಮೊದಲೇ ಬಿಚ್ಚಿಡುತ್ತೇವೆ.

ಕಪಾಟಿನ ಬಾಗಿಲಿಗೆ ಗಾಳಿಯಾಡುವ ಪಟ್ಟಿಗಳಿವೆ. ಪ್ರತಿ ತಂತಿಯ ಎರಡೂ ತುದಿಗೆ ಕೋಣೆಯ ಹೆಸರು ಬರೆದ ಚೀಟಿ ಇದೆ. ಗಾರೆ ಬಳಿಯುವ ಮೊದಲು ಪ್ರತಿ ಗೋಡೆಯ ಪಕ್ಕ ಅಳತೆ ಟೇಪು ಹಿಡಿದು ಫೋಟೊ ತೆಗೆದಿಟ್ಟುಕೊಂಡಿದ್ದರಿಂದ ಆಮೇಲೆ ಪರದೆಯ ಕಂಬಿಗೆ ಡ್ರಿಲ್ ಮಾಡುವಾಗ ಒಂದು ಪೈಪಿಗೂ ಪೆಟ್ಟಾಗಲಿಲ್ಲ.

ಮಂಡ್ಯದಲ್ಲಿರುವ ತಂಗಿಯ ಮನೆ ಕಟ್ಟಿ ಮುಗಿದಿತ್ತು, ಗೋಡೆ ಕೊರೆಯಲು ಅವಳಿಗೆ ಮನಸ್ಸಿರಲಿಲ್ಲ. ಅಲ್ಲಿ ಹಳೆಯ ಟೆಲಿಫೋನ್ ಪೈಪಿನಲ್ಲಿ ಆ ತಂತಿಗೇ ಕ್ಯಾಟ್ 6 ಕಟ್ಟಿ ಎಳೆದೆವು, ಹಾಲ್‌ನಿಂದ ಮಲಗುವ ಕೋಣೆಗೆ ದಾರಿ ಸಿಕ್ಕಿತು. ಅಡುಗೆಮನೆಗೆ ಪೈಪೇ ಇರಲಿಲ್ಲ. ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್, ಅದರ ಹಿಂದೆ ವೈಫೈನಲ್ಲಿ ನಡೆಯುವ ಒಂದು ಪೈ ಇಟ್ಟೆವು. ಆ ಕೋಣೆಗೆ ಬೇಕಾದದ್ದು ಒಂದು ಪ್ಲಗ್ ಪಾಯಿಂಟ್ ಮಾತ್ರ.