ಬಿಡುಗಡೆಯ ದಿನದ ಸುತ್ತ ಬಜೆಟ್: ಜೈಲಿನ ಒಪಿಯಾಯ್ಡ್ ಚಿಕಿತ್ಸಾ ಸಂಶೋಧನೆಗೆ ಹಣ ದಕ್ಕಿದ ಬಗೆ

ಕೌಂಟಿ ಜೈಲಿನಿಂದ ಹೊರಬಿದ್ದವರನ್ನು ಆರು ತಿಂಗಳ ನಂತರ ಮತ್ತೆ ಹುಡುಕಿ ಮಾತಾಡಿಸುವುದು ಆಗದ ಕೆಲಸ, ಅದಕ್ಕೆ ಹಾಕುವ ಹಣ ನೀರಿನಲ್ಲಿ ಮಾಡಿದ ಹೋಮ. ಅಮೆರಿಕದ ಒಂದು ಕೌಂಟಿ ಜೈಲಿನಲ್ಲಿ ಒಪಿಯಾಯ್ಡ್ (ಹೆರಾಯಿನ್‌ನಂಥ ಅಫೀಮು ಬಗೆಯ ಮಾದಕ) ಚಟಕ್ಕೆ ಔಷಧ ಕೊಟ್ಟು, ಬಿಡುಗಡೆಯ ನಂತರವೂ ಹಿಂಬಾಲಿಸುವ ಅಧ್ಯಯನಕ್ಕೆ ಹಣ ಕೇಳಿ ಹಾಕಿದ ನಮ್ಮ ಮೊದಲ ಅರ್ಜಿಗೆ ಬಂದ ವಿಮರ್ಶೆಯ ಸಾರ ಇದು. ಚರ್ಚೆಗೇ ಎತ್ತಿಕೊಳ್ಳಲಿಲ್ಲ, ಹಾಗಾಗಿ ಸ್ಕೋರೂ ಇಲ್ಲ. ಇದ್ದ ಒಂದು ಮರುಸಲ್ಲಿಕೆಯೂ ಬಿದ್ದುಹೋಯಿತು. ಅದೇ ವಿಷಯವನ್ನು ಹೊಸ ಅರ್ಜಿಯಾಗಿ ಹಾಕಿದಾಗ ಹಣ ಬಂತು. ಆರು ತಿಂಗಳ ಸಂದರ್ಶನಕ್ಕೆ ನೂರಕ್ಕೆ ಎಪ್ಪತ್ತೈದರ ಮೇಲೆ ಜನ ಸಿಕ್ಕರು. ಔಷಧ ಅದೇ, ಪ್ರಶ್ನೆ ಅದೇ. ಬಜೆಟ್ಟಿನ ಹಂಚಿಕೆ ಮಾತ್ರ ತಲೆಕೆಳಗಾಗಿತ್ತು.

ಮೊದಲ ಎರಡು ಅರ್ಜಿಗಳಲ್ಲಿ ರೋಡ್ ಐಲೆಂಡಿನ ಫಲಿತಾಂಶವನ್ನು ಬೆನ್ನೆಲುಬು ಮಾಡಿಕೊಂಡಿದ್ದೆವು. ಅಲ್ಲಿ 2016ರಲ್ಲಿ ಈ ಚಟದ ಮೂರೂ ಔಷಧ (ಮೆಥಡೋನ್, ಬ್ಯುಪ್ರೆನಾರ್ಫಿನ್, ನಾಲ್‌ಟ್ರೆಕ್ಸೋನ್) ಕೊಡಲು ಶುರುಮಾಡಿದ ಮೇಲೆ, ಇತ್ತೀಚೆಗೆ ಬಿಡುಗಡೆಯಾದವರ ಓವರ್‌ಡೋಸ್ ಸಾವು ಅರ್ಧ ವರ್ಷದಲ್ಲಿ 26ರಿಂದ, ಮರುವರ್ಷದ ಅದೇ ಅವಧಿಯಲ್ಲಿ 9ಕ್ಕೆ ಇಳಿಯಿತು. ಆದರೆ ಅಲ್ಲಿ ಜೈಲು (ವಿಚಾರಣಾಧೀನರು, ಕಡಿಮೆ ಅವಧಿಯವರು ಇರುವುದು), ಪ್ರಿಸನ್ (ದೀರ್ಘ ಶಿಕ್ಷೆಯವರು ಇರುವುದು) ಎರಡೂ ಒಂದೇ ರಾಜ್ಯ ಇಲಾಖೆಯ ಕೈಯಲ್ಲಿವೆ. ನಮ್ಮಲ್ಲಿ ಜೈಲು ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನದು, ವೈದ್ಯಕೀಯ ಸೇವೆ ಗುತ್ತಿಗೆ ಕಂಪನಿಯದು, ಮೆಥಡೋನ್ ಹೊರಗಿನ ಕ್ಲಿನಿಕ್ಕಿನದು. ಈ ಮೂವರಲ್ಲಿ ಯಾರ ಕೈಗೆ ಎಷ್ಟು ಹಣ ಹೋಗುತ್ತದೆ ಎಂದು ಬರೆಯದೆ ರೋಡ್ ಐಲೆಂಡ್ ತೋರಿಸಿದರೆ ವಿಮರ್ಶಕರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಮೊದಲ ಬಜೆಟ್ಟಿನಲ್ಲಿ ಜೈಲಿಗೆ ಇಟ್ಟದ್ದು ಸೊನ್ನೆ, ಬದಲಿಗೆ ಒಂದು ಬೆಂಬಲ ಪತ್ರ. ಆ ಪತ್ರ ಸಿಬ್ಬಂದಿಯ ಸಮಯ ಕೊಡುವುದಿಲ್ಲ. ಅರ್ಧ ಗಂಟೆಯ ಸಂದರ್ಶನಕ್ಕೆ ಒಬ್ಬ ಅಧಿಕಾರಿ ಕರೆತರಬೇಕು, ಕಾಯಬೇಕು, ವಾಪಸ್ ಬಿಡಬೇಕು. ಒಟ್ಟು ಒಂದೂವರೆ ಗಂಟೆ. ತಲೆ ಎಣಿಕೆ, ಊಟ, ಲಾಕ್‌ಡೌನ್ ಕಳೆದರೆ ದಿನಕ್ಕೆ ಕೆಲಸವಾಗುವುದು ಮೂರೂವರೆ, ನಾಲ್ಕು ಗಂಟೆ. ಮೊದಲು ಮಾಡಿದ ಸಣ್ಣ ಪ್ರಾಯೋಗಿಕ ಅಧ್ಯಯನದಲ್ಲಿ (ಪೈಲಟ್) ಮುಕ್ಕಾಲು ಪಾಲು ಭೇಟಿ ರದ್ದಾದದ್ದು ಕರೆತರಲು ಆಳಿಲ್ಲದೆ. ಮೂರನೆಯ ಅರ್ಜಿಯಲ್ಲಿ ಶೆರಿಫ್ ಕಚೇರಿಗೇ ಸಬ್‌ಅವಾರ್ಡ್, ಅಂದರೆ ನಮ್ಮ ಗ್ರ್ಯಾಂಟಿನಿಂದಲೇ ಒಂದು ಪಾಲು, ಇಟ್ಟೆವು. ಅಧಿಕಾರಿಗಳ ಓವರ್‌ಟೈಮ್‌ಗೆ ವರ್ಷಕ್ಕೆ ಸುಮಾರು 40,000 ಡಾಲರ್, ನರ್ಸ್ ಸಮಯಕ್ಕೆ ಹೆಚ್ಚುಕಡಿಮೆ ಅದರ ಅರ್ಧ.

ಇದಕ್ಕೂ ತೊಡಕಿದೆ. ಕೌಂಟಿ ಮಂಡಳಿ ಠರಾವು ಮಾಡದೆ ಶೆರಿಫ್ ಹಣ ಮುಟ್ಟುವಂತಿಲ್ಲ. ನಮಗೆ ಐದು ತಿಂಗಳು ಹಿಡಿಯಿತು, ಮೊದಲ ವರ್ಷ ಅಷ್ಟೂ ಹೊತ್ತು ಸಂಬಳ ಸುಟ್ಟೆವು. ಈಗ ಸ್ಕೋರ್ ಕೈಗೆ ಬಂದ ದಿನವೇ ಠರಾವಿನ ಕರಡು ಕಳಿಸುತ್ತೇವೆ, ಮಂಜೂರಾತಿ ಪತ್ರಕ್ಕೆ ಕಾಯುವುದಿಲ್ಲ. ಪರೋಕ್ಷ ವೆಚ್ಚದ (ಕಟ್ಟಡ, ಆಡಳಿತದ ಖರ್ಚಿಗೆ ವಿಶ್ವವಿದ್ಯಾಲಯ ಹಿಡಿಯುವ ಪಾಲು) ಲೆಕ್ಕವನ್ನೂ ನೋಡಿಕೊಳ್ಳಿ. ಸಬ್‌ಅವಾರ್ಡಿನ ಮೊದಲ 25,000 ಡಾಲರಿಗೆ ಮಾತ್ರ ವಿಶ್ವವಿದ್ಯಾಲಯ ಪಾಲು ಹಾಕುತ್ತಿತ್ತು. 2024ರ ಅಕ್ಟೋಬರ್‌ನಿಂದ ಆ ಮಿತಿ 50,000.

ಇನ್ನು ಬಿಡುಗಡೆಯ ದಿನ. ವಾಷಿಂಗ್ಟನ್ ರಾಜ್ಯದ 2007ರ ಅಧ್ಯಯನದಲ್ಲಿ ಹೊರಬಂದ ಮೊದಲ ಎರಡು ವಾರಗಳ ಓವರ್‌ಡೋಸ್ ಸಾವಿನ ಅಪಾಯ ಇತರ ನಿವಾಸಿಗಳಿಗಿಂತ 129 ಪಟ್ಟು ಎಂದು ಬಂದಿತ್ತು. ಆ ಸಂಖ್ಯೆಯನ್ನು ಎಲ್ಲರೂ ಪೀಠಿಕೆಯಲ್ಲಿ ಬರೆದು, ಹಣವನ್ನು ಮೂರನೆಯ ಮತ್ತು ಆರನೆಯ ತಿಂಗಳ ಸಂದರ್ಶನಕ್ಕೆ ಸುರಿಯುತ್ತಾರೆ. ನಾವೂ ಮಾಡಿದ ತಪ್ಪು ಅದೇ. ಈಗ ಕ್ಷೇತ್ರ ಸಿಬ್ಬಂದಿಯ ಅರ್ಧದಷ್ಟು ಹಣ ಹೊರಬರುವ ದಿನದಿಂದ ಹದಿನಾಲ್ಕನೆಯ ದಿನದವರೆಗಿನ ಕೆಲಸಕ್ಕೆ ಮೀಸಲು. ವಿಚಾರಣಾಧೀನರು ಕೋರ್ಟಿನಿಂದಲೇ ಮನೆಗೆ ಹೋಗಿಬಿಡುತ್ತಾರೆ. ಜಾಮೀನು ಕಟ್ಟಿದವರು ರಾತ್ರಿ ಎರಡು ಗಂಟೆಗೆ ಬಾಗಿಲಿಗೆ ಬರುತ್ತಾರೆ. ಒಂಬತ್ತರಿಂದ ಐದರ ಪಾಳಿಯಲ್ಲಿ ಹತ್ತರಲ್ಲಿ ಆರು ಜನ ತಪ್ಪಿಹೋದರು. ಸ್ವತಃ ಚಟದಿಂದ ಚೇತರಿಸಿಕೊಂಡ ಇಬ್ಬರು ಸಹಾಯಕರನ್ನು ಕರೆ ಬಂದಾಗ ಹೊರಡುವ ಪಾಳಿಗೆ ಹಾಕಿ, ಓವರ್‌ಡೋಸ್ ತಡೆಯುವ 4 ಮಿಲಿಗ್ರಾಂ ನಲಾಕ್ಸೋನ್ ಮೂಗಿನ ಸ್ಪ್ರೇ, ಚಾರ್ಜ್ ಆದ ಫೋನು, ಮರುದಿನದ ಕ್ಲಿನಿಕ್ ಸಮಯ ಕೈಗಿತ್ತ ಮೇಲೆ ತಪ್ಪುವವರು ಹತ್ತರಲ್ಲಿ ಇಬ್ಬರಿಗೆ ಇಳಿದರು. ಬಿಡುಗಡೆಯ ಸುದ್ದಿ ಮೊದಲೇ ನಮಗೆ ತಲುಪುವ ದಾರಿ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಮ್ಮತಿಪತ್ರದಲ್ಲಿ ಕೈದಿಯ ಒಪ್ಪಿಗೆ ಪಡೆದೇ ಮಾಡುತ್ತೇವೆ ಎಂದಷ್ಟೇ ಹೇಳಬಲ್ಲೆ.

ಸಂದರ್ಶನದ ಗೌರವಧನವನ್ನು ಜೈಲಿನ ಖಾತೆಗೆ ಹಾಕಬೇಡಿ. ಹಳೆಯ ದಂಡ, ಶುಲ್ಕ ಅಂತ ಅಲ್ಲೇ ಮುರಿದುಕೊಳ್ಳುತ್ತಾರೆ, 30 ಡಾಲರಿನಲ್ಲಿ 11 ಉಳಿದದ್ದೂ ಉಂಟು. ಒಳಗಿನ ಭೇಟಿಯ ಹಣವನ್ನೂ ಸೇರಿಸಿ ಹೊರಬಂದ ಮೇಲೆ ಕಾರ್ಡಿಗೆ ತುಂಬುತ್ತೇವೆ. ಮೊತ್ತ ದೊಡ್ಡದಾದರೆ ಕೈದಿಗಳ ರಕ್ಷಣೆಯ ಸಬ್‌ಪಾರ್ಟ್ ಸಿ ನಿಯಮದಡಿ ಆಮಿಷವೆಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವೂ ಹೌದು.

ಔಷಧದ ಹಣವನ್ನು ಸಂಶೋಧನೆಯ ಬಜೆಟ್ಟಿಗೆ ತುರುಕಿದ್ದು ಎರಡನೆಯ ಅರ್ಜಿ ಬಿದ್ದದ್ದಕ್ಕೆ ಒಂದು ಕಾರಣ. ಗ್ರ್ಯಾಂಟ್ ಮುಗಿದ ದಿನ ಔಷಧವೂ ಮುಗಿಯುತ್ತದೆ ಎಂದು ವಿಮರ್ಶಕರು ಬರೆದರು, ಸರಿಯಾಗಿಯೇ ಬರೆದರು. ಜೈಲು ಈ ಔಷಧವನ್ನು ಕೈದಿಗೆ ನಿರಾಕರಿಸುವುದು ಅಂಗವಿಕಲರ ಹಕ್ಕಿನ ಕಾನೂನಿಗೆ ವಿರುದ್ಧವಾಗಬಹುದು ಎಂದು ಫೆಡರಲ್ ನ್ಯಾಯ ಇಲಾಖೆ 2022ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದ ಮೇಲೆ ಕೌಂಟಿ ವಕೀಲರ ಜೊತೆ ಮಾತು ಸಲೀಸಾಯಿತು. ಔಷಧ ಕಂಪನಿಗಳ ಮೇಲಿನ ಒಪಿಯಾಯ್ಡ್ ಮೊಕದ್ದಮೆಗಳಿಂದ ಕೌಂಟಿಗೆ ಬಂದ ಪರಿಹಾರದ ಹಣದಿಂದ ಔಷಧ, ನಮ್ಮ ಗ್ರ್ಯಾಂಟಿನಿಂದ ಅಳತೆ ಮತ್ತು ಹಿಂಬಾಲಿಕೆ. ಹೀಗೆ ಬೇರೆ ಮಾಡಿದ್ದೇ ದೊಡ್ಡ ಗೆಲುವು.

ಪಕ್ಕದಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆವು: ನಾಲಿಗೆಯಡಿ ಕರಗುವ ಬ್ಯುಪ್ರೆನಾರ್ಫಿನ್ ಫಿಲ್ಮ್‌ಗೂ ಅದೇ ಔಷಧದ ತಿಂಗಳ ಚುಚ್ಚುಮದ್ದಿಗೂ ತಗಲುವ ಸಿಬ್ಬಂದಿ ನಿಮಿಷಗಳ ಎಣಿಕೆ. ಫಿಲ್ಮ್ ಕರಗುವವರೆಗೆ ಎದುರು ನಿಂತು, ಬಾಯಿ ತಪಾಸಣೆ ಮಾಡಿ ಕಳಿಸಲು ಹತ್ತು ಜನರ ಒಂದು ತಂಡಕ್ಕೆ ದಿನಕ್ಕೆ ಇಪ್ಪತ್ತೈದು ನಿಮಿಷ, ಇಬ್ಬರು ಸಿಬ್ಬಂದಿ. ಚುಚ್ಚುಮದ್ದಿನ ಬೆಲೆ ಕಣ್ಣು ಕುಕ್ಕುತ್ತದೆ, ಆದರೆ ಬಚ್ಚಿಟ್ಟು ಕೈದಾಟಿಸುವ ಭಯ ಇಲ್ಲ, ಹೊರಬಂದವನಿಗೆ ಮೊದಲ ವಾರಗಳ ರಕ್ಷಣೆ ಮೈಯಲ್ಲೇ ಇರುತ್ತದೆ. ತೊಂದರೆ ಎಲ್ಲಿ ಎಂದರೆ, ಸಬ್‌ಲೊಕೇಡ್ ಎಂಬ ಈ ಚುಚ್ಚುಮದ್ದು ತರಿಸುವ ಸ್ಥಳಕ್ಕೆ ರೆಮ್ಸ್ (ಅಪಾಯವಿರುವ ಔಷಧಗಳ ಸುರಕ್ಷತಾ ವ್ಯವಸ್ಥೆ) ಪ್ರಮಾಣೀಕರಣ ಬೇಕು, 2ರಿಂದ 8 ಡಿಗ್ರಿಯ ಫ್ರಿಜ್ ಬೇಕು. ಗುತ್ತಿಗೆ ಕಂಪನಿ ಬದಲಾದಾಗ ಏಳು ವಾರ ಒಂದು ಡೋಸೂ ಸಿಗಲಿಲ್ಲ. ಈ ಲೆಕ್ಕವನ್ನು ಅರ್ಧ ಪುಟದ ಕೋಷ್ಟಕವಾಗಿ ಹೊಸ ಅರ್ಜಿಯಲ್ಲಿ ಹಾಕಿದ್ದೆವು; ಮೂವರು ವಿಮರ್ಶಕರಲ್ಲಿ ಇಬ್ಬರು ಅದನ್ನೇ ಹೊಗಳಿದರು.

ಕೊನೆಯದಾಗಿ, ಜೈಲಿನ ಹೊರಗೆ ಅಧ್ಯಯನಕ್ಕೆ ಸೇರಿಸಿಕೊಂಡವರು ಮತ್ತೆ ಒಳಗೆ ಹೋದರೆ ಆ ಕ್ಷಣದಿಂದ ಅವರು ಕೈದಿಗಳೇ. ಪ್ರೋಟೋಕಾಲ್‌ಗೆ ಮೊದಲೇ ಸಬ್‌ಪಾರ್ಟ್ ಸಿ ಒಪ್ಪಿಗೆ ಇಲ್ಲದಿದ್ದರೆ ಅವರ ಜೊತೆಗಿನ ಸಂದರ್ಶನ ನಿಲ್ಲಿಸಬೇಕು. ಪೈಲಟ್‌ನಲ್ಲಿ ಹೀಗೆಯೇ ಒಂಬತ್ತೋ ಹತ್ತೋ ಜನರ ಮಾಹಿತಿ ಕಳೆದುಕೊಂಡೆವು. ಈಗ ಎಲ್ಲರೂ ಮತ್ತೆ ಒಳಹೋಗಬಹುದು ಎಂದಿಟ್ಟುಕೊಂಡೇ ಅರ್ಜಿ ಬರೆಯುತ್ತೇವೆ, ಕೈದಿಗಳ ಪ್ರತಿನಿಧಿ ಕೂತ ನೈತಿಕ ಸಮಿತಿಯ ಸಭೆಯಲ್ಲೇ ಮಂಡಿಸುತ್ತೇವೆ, ಫೆಡರಲ್ ಪ್ರಮಾಣೀಕರಣದ ಪತ್ರಕ್ಕೆ ವೇಳಾಪಟ್ಟಿಯಲ್ಲಿ ಎರಡು ತಿಂಗಳು ಬಿಟ್ಟಿರುತ್ತೇವೆ.