ಪುತಳಿ ಸರದ ವೆನಿಸ್ ಡುಕಾಟ್‌ಗೆ ನೀರಿನ ಪರೀಕ್ಷೆ: ನನ್ನ ಅನುಭವ

ಮೂರೂವರೆ ಗ್ರಾಂ ನಾಣ್ಯದ ಸಾಂದ್ರತೆ ಮನೆಯಲ್ಲಿ ಅಳೆಯಲು ಬರುವುದಿಲ್ಲ ಎಂದು ಬಹಳ ಜನ ವಾದಿಸಿದ್ದರು. ಬರುತ್ತದೆ. ಹಳೇ ಪುತಳಿ ಸರದಿಂದ (ನಾಣ್ಯ ಪೋಣಿಸಿದ ಹಾರ) ಬಿಡಿಸಿದ ಡುಕಾಟ್‌ಗಳನ್ನು, ಅಂದರೆ ವೆನಿಸ್‌ನ ಹಳೇ ಚಿನ್ನದ ನಾಣ್ಯಗಳನ್ನು, ನಾನೀಗ ಹೀಗೆ ನೋಡಿಯೇ ಕೊಳ್ಳುವುದು. ಒರೆಗಲ್ಲು ಮೇಲ್ಮೈಯಷ್ಟನ್ನೇ ಹೇಳುತ್ತದೆ, ಮೇಲಾಗಿ ಅಂಚು ಸವೆದು ನಾಣ್ಯದ ಬೆಲೆ ಬೀಳುತ್ತದೆ.

0.01 ಗ್ರಾಂ ತಕ್ಕಡಿ ಇಲ್ಲಿ ದಂಡ. 3.48 ಗ್ರಾಂ ಡುಕಾಟ್ ಹೊರದೂಡುವ ನೀರು ಸುಮಾರು 0.181 ಗ್ರಾಂ. ತಕ್ಕಡಿ 0.18 ತೋರಿಸಿದರೆ ಸಾಂದ್ರತೆ 19.3, ಅಂದರೆ ಅಪ್ಪಟ ಚಿನ್ನ; 0.19 ತೋರಿಸಿದರೆ 18.3, ಅಂದರೆ ಕಲಬೆರಕೆ. ಹಾಗಾಗಿ 0.001 ಗ್ರಾಂನದ್ದೇ ಬೇಕು. ನನ್ನದಕ್ಕೆ ಎರಡು ಸಾವಿರದ ಆಸುಪಾಸು ಬಿತ್ತು. ಇವು ಹೆಚ್ಚು ಭಾರ ತಡೆಯುವುದಿಲ್ಲ, ಗಾಜಿನ ಬೀಕರ್ ಬೇಡ. ಸಿರಪ್ ಅಳೆಯುವ ಪ್ಲಾಸ್ಟಿಕ್ ಕಪ್, 50 ಗ್ರಾಂವರೆಗೆ ತೂಗುವ ತಕ್ಕಡಿ ಸಾಕು.

ನೀರು ತುಂಬಿದ ಕಪ್ ತಕ್ಕಡಿಯ ಮೇಲೆ, ನಾಣ್ಯ ಪಕ್ಕದ ಸ್ಟ್ಯಾಂಡಿನಿಂದ ನೂಲಿನಲ್ಲಿ. ಟೇರ್ (ಅಂಕಿಯನ್ನು ಸೊನ್ನೆಗೆ ತರುವ ಗುಂಡಿ) ಒತ್ತಿ ನಾಣ್ಯ ಇಳಿಸಿ; ಅದು ಪೂರ್ತಿ ಮುಳುಗಬೇಕು, ತಳ ಮುಟ್ಟಬಾರದು. ಏರಿದ ತೂಕದಿಂದ ಒಣ ತೂಕವನ್ನು ಭಾಗಿಸಿ. ಫ್ಯಾನ್ ನಿಲ್ಲಿಸಿರಿ.

ಕೈಕೊಡುವುದು ಗಾಳಿಗುಳ್ಳೆ. ಎರಡು ಮಿಲಿಮೀಟರ್‌ನ ಒಂದೇ ಗುಳ್ಳೆ ಅಂಟಿದರೂ 0.181 ಇದ್ದದ್ದು 0.185 ಆಗಿ, ಅಪ್ಪಟ ನಾಣ್ಯ 18.8ಕ್ಕೆ ಇಳಿಯುತ್ತದೆ. ತೂತು ಕೊರೆದವುಗಳಲ್ಲಿ ಗುಳ್ಳೆ ತೂತಿನಲ್ಲೇ ಕೂರುತ್ತದೆ. ಕುದಿಸಿ ಆರಿಸಿದ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ. ನೂಲು ಯಾವುದು, ಗಂಟು ಹೇಗೆ ಎನ್ನುವುದು ನನ್ನಲ್ಲೇ ಇರಲಿ. ನೀರಿನ ಬದಲು ಸ್ಪಿರಿಟ್ ಹಾಕಿಯೂ ನೋಡಿದೆ: ಗುಳ್ಳೆ ಕಾಟವಿಲ್ಲ, ಆದರೆ ಆವಿಯಾಗುತ್ತಾ ಅಂಕಿ ನಿಲ್ಲುವುದೇ ಇಲ್ಲ. ಬ್ರಿಟಿಷರ ಚಿನ್ನದ ನಾಣ್ಯ ಸಾವರಿನ್ ಅಳೆಯುವುದು ಇದಕ್ಕಿಂತ ಸುಲಭ: 7.98 ಗ್ರಾಂ, 22 ಕ್ಯಾರೆಟ್, ಸಾಂದ್ರತೆ 17.5ರ ಆಚೀಚೆ.

ಕೊಂಡಿ ಬೆಸೆದಿದ್ದ ನಾಣ್ಯದಲ್ಲಿ ಬೆಸುಗೆ ಉಳಿದಿದ್ದರೆ ಅಂಕಿ ತಗ್ಗುತ್ತದೆ. ಮೊದಲು ಲೂಪ್‌ನಲ್ಲಿ (ಅಕ್ಕಸಾಲಿಗರ ಭೂತಗನ್ನಡಿ) ಅಂಚು ನೋಡಿ. ಅಂಥದಕ್ಕೆ ನಾನು ಚಿನ್ನದ ಬೆಲೆಯ ಮೇಲೆ ಶೇ. 10ಕ್ಕಿಂತ ಹೆಚ್ಚು ಕೊಡುವುದಿಲ್ಲ.

19 ದಾಟಿದ ಮಾತ್ರಕ್ಕೆ ವೆನಿಸ್‌ನದೆಂದು ಹಿಗ್ಗಬೇಡಿ. ನಮ್ಮ ಅಕ್ಕಸಾಲಿಗರು ಅದನ್ನೇ ನಕಲು ಮಾಡಿ ಅಚ್ಚೊತ್ತಿದ ಪುತಳಿ ನಾಣ್ಯಗಳಲ್ಲೂ ಒಳ್ಳೆಯ ಚಿನ್ನ ಇರುತ್ತದೆ. ಅಸಲಿ ಡುಕಾಟ್‌ನಲ್ಲಿ 1284ರಿಂದ 1797ರವರೆಗೆ ಚಿತ್ರ ಹೆಚ್ಚುಕಡಿಮೆ ಒಂದೇ: ಸಂತ ಮಾರ್ಕನ ಮುಂದೆ ಮಂಡಿಯೂರಿದ ಡೋಜ್ (ವೆನಿಸ್‌ನ ಆಳುವ ಮುಖ್ಯಸ್ಥ), ಹಿಂಬದಿಯಲ್ಲಿ ನಕ್ಷತ್ರಗಳ ನಡುವೆ ಕ್ರಿಸ್ತ. ಕಾಲ ಹೇಳುವುದು ಡೋಜ್‌ನ ಹೆಸರು. ಧ್ವಜದ ಕೋಲಿನ ಪಕ್ಕ ಒಂದರ ಕೆಳಗೊಂದು ಇಳಿಯುವ ‘ಡಕ್ಸ್’ (DVX, ಲ್ಯಾಟಿನ್‌ನಲ್ಲಿ ಡೋಜ್) ಅಕ್ಷರಗಳನ್ನು ಮೊದಲು ಹುಡುಕಿ. ನಕಲಿನಲ್ಲಿ ಅಲ್ಲಿ ಹೆಚ್ಚಾಗಿ ಬರೀ ಗೀಟುಗಳಿರುತ್ತವೆ. ಕೊನೆಯ ಡೋಜ್ ಲುಡೊವಿಕೊ ಮನಿನ್ ಹೆಸರು ಪೂರ್ತಿ ಓದಲು ಬಂದು, ತೂತಿಲ್ಲದಿದ್ದರೆ, ಚಿನ್ನದ ಬೆಲೆಗೆ ಅರ್ಧ ಸೇರಿಸಿ ಕೊಡಲೂ ನಾನು ಚೌಕಾಸಿ ಮಾಡುವುದಿಲ್ಲ.