ಟಾಮಜ್ಜನ ಮರಳು, ನಮ್ಮ ಗ್ರೀನು

ಗಾಲ್ಫ್ ಕೋರ್ಸಿನಲ್ಲಿ ಹುಲ್ಲು ನೋಡಿಕೊಳ್ಳೋದು ನನ್ನ ಕೆಲಸ. ಗ್ರೀನಿಗೆ, ಅಂದರೆ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗಕ್ಕೆ, ಮರಳು ಹಾಕಿಸುವ ದಿನ ಹೊಸದಾಗಿ ಸೇರಿದ ಹುಡುಗರು ಕೇಳೇ ಕೇಳುತ್ತಾರೆ: "ಇಷ್ಟು ಚೆನ್ನಾಗಿರೋ ಹುಲ್ಲಿನ ಮೇಲೆ ಯಾಕೆ ಸಾರ್ ಮರಳು ಸುರೀತೀರಿ?" ಆಗ ಅವರಿಗೆ ಹಳೇ ಕಾಲದ ಗಾಲ್ಫ್ ಆಟಗಾರ, ಕೋರ್ಸ್ ನೋಡಿಕೊಳ್ಳುತ್ತಿದ್ದ ಟಾಮ್ ಮಾರಿಸ್ ಕಥೆ ಹೇಳುತ್ತೇನೆ. ಮಗನ ಹೆಸರೂ ಟಾಮ್ ಆಗಿದ್ದರಿಂದ ಇವರನ್ನು ಓಲ್ಡ್ ಟಾಮ್ ಅಂತಿದ್ದರು. ನಮ್ಮ ಹುಡುಗರ ಬಾಯಲ್ಲಿ ಟಾಮಜ್ಜ.

ಟಾಮಜ್ಜ ಹುಟ್ಟಿದ್ದು 1821ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ. ಹುಡುಗನಾಗಿದ್ದಾಗಲೇ ಅಲನ್ ರಾಬರ್ಟ್‌ಸನ್ ಹತ್ತಿರ ಚೆಂಡು ಮಾಡುವ ಕೆಲಸಕ್ಕೆ ಸೇರಿದರು. ಬೇಯಿಸಿದ ಗರಿಗಳನ್ನು ಚರ್ಮದ ಚೀಲದೊಳಗೆ ತುರುಕಿ ಹೊಲಿಯುವ ಕೆಲಸ ಅದು. 1848ರ ಸುಮಾರಿಗೆ ಗಟ್ಟಾಪರ್ಚಾ ಅನ್ನುವ ಮರದ ಅಂಟಿನ ಅಗ್ಗದ ಚೆಂಡು ಬಂತು. ಗರಿ ಚೆಂಡಿನ ವ್ಯಾಪಾರ ಹೋಗುತ್ತೆ ಅಂತ ಗುರುವಿಗೆ ಸಿಟ್ಟು. ಶಿಷ್ಯನಿಗೆ ಹೊಸ ಚೆಂಡೇ ಇಷ್ಟವಾಯಿತು. ಇಬ್ಬರೂ ಬೇರೆಯಾದರು. 1851ರಲ್ಲಿ ಟಾಮಜ್ಜ ಸ್ಕಾಟ್ಲೆಂಡಿನದೇ ಇನ್ನೊಂದು ಊರು ಪ್ರೆಸ್ಟ್‌ವಿಕ್‌ಗೆ ಹೋಗಿ 12 ಗುಳಿಗಳ ಕೋರ್ಸ್ ಮಾಡಿದರು.

ಅಲ್ಲೇ ಒಂದು ದಿನ ಗ್ರೀನಿನ ಮೇಲೆ ತಳ್ಳುಗಾಡಿಯ ಮರಳು ಚೆಲ್ಲಿತಂತೆ. ಚೆಲ್ಲಿದ ಜಾಗದಲ್ಲೇ ಹುಲ್ಲು ಹುಲುಸಾಗಿ ಬಂತಂತೆ. ಮುಂದೆ ಸೇಂಟ್ ಆಂಡ್ರ್ಯೂಸ್‌ಗೆ ವಾಪಸ್ ಬಂದ ಮೇಲೂ ಸಹಾಯಕ ಹನಿಮನ್‌ಗೆ ಅವರು ಹೇಳುತ್ತಿದ್ದದ್ದು ಒಂದೇ: ಇನ್ನೂ ಮರಳು ಹಾಕು. ವರ್ಷಕ್ಕೆ 50 ಪೌಂಡ್ ಸಂಬಳ, ಒಂದು ತಳ್ಳುಗಾಡಿ, ಗುದ್ದಲಿ, ಸಲಿಕೆ. ಇಷ್ಟರಲ್ಲೇ 1903ರವರೆಗೆ ಆ ಕೋರ್ಸ್ ನೋಡಿಕೊಂಡರು. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದ 1876ರಲ್ಲಿ ಅವರು ಅಲ್ಲೇ ಇದ್ದರು.

ಇನ್ನು ನಮ್ಮ ಕಡೆ ನಾನು ಮಾಡೋ ಕ್ರಮ. ಕೆಂಪು ಮಣ್ಣು ತುಳಿದಷ್ಟೂ ಗಟ್ಟಿಯಾಗುತ್ತೆ, ನೀರು ಇಳಿಯಲ್ಲ. ಬರ್ಮುಡಾ ಹುಲ್ಲಿನ ಬುಡದಲ್ಲಿ ಸತ್ತ ಬೇರು, ಕಾಂಡ ಸೇರಿ ಸ್ಪಂಜಿನ ಥರ ಪದರ ಕಟ್ಟುತ್ತೆ. ಆ ಪದರ ಸಡಿಲವಾಗಬೇಕು, ತಗ್ಗುಗಳು ತುಂಬಬೇಕು. ಅದಕ್ಕೇ ಮರಳು. ಮುಂಗಾರಿಗೆ ಮುಂಚಿನ ಮಳೆ ಒಂದೆರಡು ಬಿದ್ದ ಮೇಲೆ ಹುಲ್ಲು ಜೋರಾಗಿ ಚಿಗುರುತ್ತಲ್ವಾ, ಆಗ ಹಾಕೋದು ಒಳ್ಳೆಯದು. ಚಳಿಯಲ್ಲಿ ಬೇಡ. ಚಳಿಗೆ ಬರ್ಮುಡಾ ಬೆಳೆಯೋದೇ ನಿಧಾನ.

ಮರಳು ಇಳಿಸಿಕೊಳ್ಳುವ ಮೊದಲು ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಹಾಕಿ, ನೀರು ತುಂಬಿ, ಚೆನ್ನಾಗಿ ಅಲ್ಲಾಡಿಸಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಮರಳಿನ ಮೇಲೆ ಕೆಸರಿನ ಪದರ ಕೂತಿದ್ದರೆ ಲೋಡ್ ವಾಪಸ್. ಎಂ ಸ್ಯಾಂಡ್ ಅಂತೂ ಬೇಡವೇ ಬೇಡ. ಅದರ ಪುಡಿ ಕೆಳಗಿಳಿದು ನೀರಿನ ದಾರಿ ಮುಚ್ಚುತ್ತೆ.

ಜರಡಿ ಹಿಡಿದ ಮರಳು ಪೂರ್ತಿ ಒಣಗಿರಬೇಕು. ಮೊದಲು ಗ್ರೀನಿಗೆ ಯಂತ್ರದಲ್ಲಿ ತೂತು ಹೊಡೆಸುತ್ತೇವೆ. ಆಮೇಲೆ ಸಲಿಕೆಯಿಂದ ಬೀಸಿ ಹರಡೋದು, ತೆಂಗಿನ ನಾರಿನ ಮ್ಯಾಟು ಎಳೆಯೋದು. ಹುಲ್ಲಿನ ತುದಿ ಮರಳಿನ ಮೇಲೆ ಕಾಣುತ್ತಿರಬೇಕು, ಅಷ್ಟೇ ತೆಳುವಾಗಿ. ಒಂದೇ ಸಲಕ್ಕೆ ದಪ್ಪ ಹಾಕಿದರೆ ಹುಲ್ಲು ಉಸಿರುಕಟ್ಟಿ ಹಳದಿಯಾಗುತ್ತೆ. ಆಮೇಲೆ ಸಣ್ಣಗೆ ನೀರು.

ಭಾನುವಾರ ಕೋರ್ಸ್ ಮುಚ್ಚೋದರಲ್ಲಿ ಟಾಮಜ್ಜ ಕಟ್ಟುನಿಟ್ಟು. ಹುಲ್ಲಿಗೂ ರಜ ಬೇಕು ಅನ್ನೋದು ಅವರ ವಾದ. ನಾವು ಸೋಮವಾರ ಮುಚ್ಚುತ್ತೇವೆ. ಸದಸ್ಯರು ಗೊಣಗುತ್ತಾರೆ, ಗೊಣಗಲಿ.

ಜನ ಟಾಮಜ್ಜ ಗೆದ್ದ ಓಪನ್ (ಬ್ರಿಟನ್ನಿನ ದೊಡ್ಡ ಗಾಲ್ಫ್ ಪಂದ್ಯಾವಳಿ) ಲೆಕ್ಕ ಹೇಳುತ್ತಾರೆ: 1861, 1862, 1864, 1867. ಕೊನೆಯದನ್ನು ಗೆದ್ದಾಗ ವಯಸ್ಸು 46. ಡಾರ್ನಕ್, ಮ್ಯೂರ್‌ಫೀಲ್ಡ್, ಐರ್ಲೆಂಡಿನ ಲಾಹಿಂಚ್ ಹೀಗೆ ಅವರು ರೂಪಿಸಿದ ಕೋರ್ಸುಗಳನ್ನೂ ಎಣಿಸುತ್ತಾರೆ. ನನಗೆ ಇವೆಲ್ಲಕ್ಕಿಂತ ಆ ತಳ್ಳುಗಾಡಿಯೇ ದೊಡ್ಡದು. ಅವರ ಹತ್ತಿರ ಕಲಿತ ಡಾನಲ್ಡ್ ರಾಸ್ ಅಮೆರಿಕಕ್ಕೆ ಹೋಗಿ ಪೈನ್‌ಹರ್ಸ್ಟ್‌ನ ಹೆಸರಾಂತ ನಂಬರ್ 2 ಕೋರ್ಸ್ ರೂಪಿಸಿದರು. ಅವರೂ ಮೊದಲು ಹುಲ್ಲು ನೋಡಿಕೊಳ್ಳುವ ಕೆಲಸ ಮಾಡಿದವರೇ.

ಇನ್ನೊಂದು ಮಾತು. ಮುಂದಿನ ಸಲಕ್ಕೂ ಅದೇ ಜಾಗದ ಮರಳು ಸ್ವಲ್ಪ ಜಾಸ್ತಿಯೇ ತರಿಸಿ, ಟಾರ್ಪಾಲು ಮುಚ್ಚಿಡಿ. ಒಂದು ಸಲ ಸಣ್ಣದು, ಇನ್ನೊಂದು ಸಲ ದಪ್ಪದು ಹಾಕಿದರೆ ಒಳಗೆ ಬೇರೆ ಬೇರೆ ಪದರವಾಗಿ ನೀರು ನಡುವೆಯೇ ನಿಲ್ಲುತ್ತೆ.